ನಿದ್ದೆಗೆಟ್ಟ ಸೈನ್ಯಗಳು, ನಿದ್ದೆಗೆಟ್ಟ ಊರುಗಳು



1939ರ ನವೆಂಬರ್ ತಿಂಗಳಲ್ಲಿ ಜರ್ಮನ್ ಸೈನ್ಯಕ್ಕೆ ಹೊಸದಾಗಿ ಸೇರಿದ್ದ 21ರ ಹರೆಯದ ಹುಡುಗನೊಬ್ಬ ಕೊಲೋನ್ ನಗರದಲ್ಲಿದ್ದ ತನ್ನ ಮನೆಗೆ ಕಾಗದ ಬರೆಯುತ್ತಾನೆ. ಇಲ್ಲಿ ಕೆಲಸ ಬಹಳ, ಮೊದಲಿನಂತೆ ಬರೆಯಲಾಗದು, ಮುಖ್ಯವಾಗಿ ಪೆರ್ವಿಟಿನ್ ಕಳಿಸಿ ಎಂದು ಕೇಳುವುದಕ್ಕೇ ಬರೆಯುತ್ತಿದ್ದೇನೆ ಎನ್ನುವುದು ಅದರ ಸಾರ. ಮುಂದಿನ ವರ್ಷದ ಮೇ ತಿಂಗಳಲ್ಲಿ ಮತ್ತೆ ಅದೇ ಕೋರಿಕೆ, ಈ ಸಲ ಕೈಯಲ್ಲಿ ಸ್ವಲ್ಪ ದಾಸ್ತಾನು ಇರಲಿ ಅಂತ. ಆ ಹುಡುಗ ಹೈನ್ರಿಶ್ ಬ್ಯೋಲ್. 1972ರಲ್ಲಿ ಸಾಹಿತ್ಯದ ನೊಬೆಲ್ ಪಡೆದವನು. ಕಾಗದವನ್ನು ಓದುವಾಗ ನಮಗೆ ಇರುಸುಮುರುಸಾಗುವುದು ಕೋರಿಕೆಯಿಂದಲ್ಲ, ಕೇಳಿದ ರೀತಿಯಿಂದ. ಅದರಲ್ಲಿ ಸಂಕೋಚವಿಲ್ಲ, ಗುಟ್ಟಿಲ್ಲ. ಚಕ್ಕುಲಿ, ಉಪ್ಪಿನಕಾಯಿ ಕಳಿಸಿ ಎಂದು ಹಾಸ್ಟೆಲಿನ ಹುಡುಗರು ಬರೆಯುತ್ತಿದ್ದರಲ್ಲ, ಹಾಗೆಯೇ ಕೇಳುತ್ತಾನೆ. ಪೆರ್ವಿಟಿನ್ ಎಂದರೆ ಮೆಥಾಂಫೆಟಮೈನ್. ಇಂದು ಅದನ್ನೇ ಹರಳಿನ ರೂಪದಲ್ಲಿ ಮಾರುವವರನ್ನು ಪೊಲೀಸರು ಹಿಡಿದಾಗ ಪತ್ರಿಕೆಗಳು ಮುಖಪುಟದಲ್ಲಿ ಹಾಕುತ್ತವೆ.

ಕಾಫಿಯೂ ಸೈನ್ಯವೂ ಎರಡೂ ಮನೆಮನೆಯ ಸಂಗತಿಯಾಗಿರುವ ಕೊಡಗಿನಲ್ಲಿ ಈ ವಿಷಯ ಮಾತಾಡಲು ಒಪ್ಪಿಕೊಂಡಾಗ ನನಗೆ ಒಂದು ಅನುಕೂಲ ಕಂಡಿತು. ದಣಿದ ಸೈನಿಕನನ್ನು ಎಚ್ಚರವಾಗಿಡಲು ಕಾಫಿ ಸಾಕಾಗಿತ್ತೇ, ಮಾತ್ರೆಯೇ ಬೇಕಿತ್ತೇ ಎಂಬ ಪ್ರಶ್ನೆ ನನ್ನ ಇಡೀ ಉಪನ್ಯಾಸದ ನಡುವೆ ನಿಲ್ಲುತ್ತದೆ. ಅದಕ್ಕೆ ಬರುವ ಮೊದಲು ಈ ಮಾತ್ರೆಯ ಹುಟ್ಟನ್ನು ನೋಡೋಣ.

ಎಫೆಡ್ರಾ ಎಂಬ ಕುರುಚಲು ಗಿಡ ಮಧ್ಯ ಏಷ್ಯಾದ ಒಣ ನೆಲದಲ್ಲಿ ಬೆಳೆಯುತ್ತದೆ. ಚೀನಾದ ವೈದ್ಯರು ಅದನ್ನು ಮಾ ಹುವಾಂಗ್ ಎಂಬ ಹೆಸರಿನಲ್ಲಿ ಉಬ್ಬಸಕ್ಕೂ ನೆಗಡಿಗೂ ಬಹುಕಾಲದಿಂದ ಬಳಸುತ್ತಿದ್ದರು. ಹಿಮಾಲಯದಲ್ಲಿ ಇದರ ಒಂದು ಜಾತಿಗೆ ಸೋಮಲತೆ ಎಂಬ ಹೆಸರುಂಟು. ವೇದದ ಸೋಮ ಇದೇ ಎಂದು ವಾದಿಸುವವರೂ ಇದ್ದಾರೆ, ಅಲ್ಲವೆನ್ನುವವರೂ ಇದ್ದಾರೆ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ. 1885ರಲ್ಲಿ ಜಪಾನಿನ ನಾಗಾಯ್ ನಾಗಯೋಶಿ ಈ ಗಿಡದಿಂದ ಎಫೆಡ್ರಿನ್ ಬೇರ್ಪಡಿಸಿದರು. 1893ರಲ್ಲಿ ಅದರಿಂದಲೇ ಮೆಥಾಂಫೆಟಮೈನ್ ತಯಾರಿಸಿದರು. ಈ ನಡುವೆ, 1887ರಲ್ಲಿ, ರೊಮೇನಿಯಾದ ಲಾಝಾರ್ ಎಡೆಲಿಯಾನು ಬರ್ಲಿನ್ನಿನಲ್ಲಿ ಅದರ ದಾಯಾದಿ ಆಂಫೆಟಮೈನನ್ನು ಮಾಡಿದ್ದರು. ಮಾಡಿ ಬದಿಗಿಟ್ಟು, ಆಮೇಲೆ ಪೆಟ್ರೋಲಿಯಂ ಶುದ್ಧೀಕರಣಕ್ಕೆ ಹೊರಳಿ ಅಲ್ಲಿ ಹೆಸರು ಗಳಿಸಿದರು. ತಾನು ಕಂಡುಹಿಡಿದ ಎರಡರಲ್ಲಿ ಯಾವುದು ಜಗತ್ತನ್ನು ಹೆಚ್ಚು ಓಡಿಸುತ್ತದೆ ಎಂದು ಆತನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

ನಲವತ್ತು ವರ್ಷ ಆ ವಸ್ತುವನ್ನು ಯಾರೂ ಕೇಳಲಿಲ್ಲ. ಲಾಸ್ ಏಂಜಲೀಸ್‌ನ ಗಾರ್ಡನ್ ಆಲೆಸ್ ಎಂಬ ರಸಾಯನತಜ್ಞರು ಎಫೆಡ್ರಿನ್‌ಗೆ ಬದಲಿ ಹುಡುಕುತ್ತ 1929ರ ಜೂನ್ 3ರಂದು ತಮ್ಮ ಮೈಗೇ 50 ಮಿಲಿಗ್ರಾಂ ಆಂಫೆಟಮೈನ್ ಚುಚ್ಚಿಸಿಕೊಂಡರು. ಅದು ದೊಡ್ಡ ಪ್ರಮಾಣ. ಮೂಗು ಸಲೀಸಾಯಿತು, ಎದೆ ಬಡಿದುಕೊಂಡಿತು, ಮನಸ್ಸು ಹಗುರವಾಯಿತು, ಮಾತು ಹೆಚ್ಚಾಯಿತು, ರಾತ್ರಿ ನಿದ್ದೆ ಹತ್ತಲಿಲ್ಲ. ಇವಿಷ್ಟನ್ನೂ ಅವರು ಬರೆದಿಟ್ಟರು. ಮುಂದಿನ ತೊಂಬತ್ತು ವರ್ಷಗಳ ಕತೆಯಲ್ಲಿ ಬರುವುದೆಲ್ಲ ಆ ಒಂದು ಸಂಜೆಯ ಟಿಪ್ಪಣಿಯಲ್ಲಿದೆ.

ದೇಹದಲ್ಲಿ ಇದು ಮಾಡುವ ಕೆಲಸ ಸರಳವಾಗಿ ಹೀಗೆ. ನರಕೋಶಗಳೊಳಗೆ ದಾಸ್ತಾನಾಗಿರುವ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳನ್ನು ಇದು ಹೊರಗೆ ತಳ್ಳುತ್ತದೆ. ಅವು ಹಿಂದಕ್ಕೆ ಹೋಗುವ ದಾರಿಯನ್ನೇ ಉಲ್ಟಾ ಮಾಡುತ್ತದೆ. ಹೊರಗಿನಿಂದ ಶಕ್ತಿಯನ್ನೇನೂ ತರುವುದಿಲ್ಲ. ನಾಳೆಯ ಖಾತೆಯಿಂದ ಕೈಗಡ ತೆಗೆದು ಇಂದು ಖರ್ಚಿಗೆ ಕೊಡುತ್ತದೆ, ಬಡ್ಡಿ ಆಮೇಲೆ.

ಅಮೆರಿಕದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿ 1933ರ ಹೊತ್ತಿಗೆ ಇದನ್ನು ಬೆಂಜೆಡ್ರಿನ್ ಎಂಬ ಹೆಸರಲ್ಲಿ, ಕಟ್ಟಿದ ಮೂಗಿಗೆ ಸೇದುವ ಪುಟ್ಟ ಕೊಳವೆಯಾಗಿ ಮಾರಲು ತೊಡಗಿತು. ವೈದ್ಯರ ಚೀಟಿ ಬೇಕಿರಲಿಲ್ಲ. ಕೊಳವೆಯೊಳಗಿನ ಕಾಗದದ ಪಟ್ಟಿಗೆ 325 ಮಿಲಿಗ್ರಾಂ ಆಂಫೆಟಮೈನ್ ಹೀರಿಸಿರುತ್ತಿದ್ದರು. ಕೊಳವೆ ಒಡೆದು ಪಟ್ಟಿಯನ್ನು ಕಾಫಿಯಲ್ಲಿ ನೆನೆಸಿ ಕುಡಿದರೆ ಏನಾಗುತ್ತದೆಂದು ಜನ ಬಹಳ ಬೇಗ ಕಂಡುಕೊಂಡರು. ಆಮೇಲೆ ಮಾತ್ರೆ ಬಂತು. 1937ರಲ್ಲಿ ಅಮೆರಿಕದ ವೈದ್ಯಕೀಯ ಸಂಘವು ಹಗಲಲ್ಲೇ ಇದ್ದಕ್ಕಿದ್ದಂತೆ ನಿದ್ದೆ ಆವರಿಸುವ ಕಾಯಿಲೆಗೆ, ಪಾರ್ಕಿನ್ಸನ್ ಲಕ್ಷಣಗಳಿಗೆ, ಲಘು ಖಿನ್ನತೆಗೆ ಅದನ್ನು ಜಾಹೀರಾತು ಮಾಡಲು ಒಪ್ಪಿತು. ಮೂರನೆಯದನ್ನು ನೆನಪಿಡಿ. ಮೊದಲೆರಡು ರೋಗದವರು ಕೆಲವರೇ ಇರುತ್ತಾರೆ. ಬೇಸರಪಟ್ಟುಕೊಂಡವರು ಎಷ್ಟು ಕೋಟಿ ಬೇಕಾದರೂ ಸಿಗುತ್ತಾರೆ.

ಅದೇ 1937ರಲ್ಲಿ ಬರ್ಲಿನ್ನಿನ ಟೆಮ್ಲರ್ ಕಂಪನಿ ಮೆಥಾಂಫೆಟಮೈನ್‌ಗೆ ಪೇಟೆಂಟ್ ಪಡೆದು ಮರುವರ್ಷ ಪೆರ್ವಿಟಿನನ್ನು ಅಂಗಡಿಗಿಳಿಸಿತು. ಬರ್ಲಿನ್ ಸೇನಾ ವೈದ್ಯ ಅಕಾಡೆಮಿಯ ಶರೀರಶಾಸ್ತ್ರಜ್ಞ ಒಟ್ಟೊ ರಾಂಕೆ ಅದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದ. ರಾತ್ರಿಯಿಡೀ ಲೆಕ್ಕ ಮಾಡಿಸಿದಾಗ ಪೆರ್ವಿಟಿನ್ ನುಂಗಿದವರು ಬೆಳಗಾದರೂ ತೂಕಡಿಸಲಿಲ್ಲ. ಆದರೆ ಲೆಕ್ಕದಲ್ಲಿ ತಪ್ಪು ಕಡಿಮೆಯಾಗಿರಲಿಲ್ಲ. ಎಚ್ಚರ ಬೇರೆ, ಬುದ್ಧಿ ಬೇರೆ ಎನ್ನುವುದು ಅಲ್ಲೇ ಗೊತ್ತಾಗಿತ್ತು. ಸೈನ್ಯಕ್ಕೆ ಬೇಕಾಗಿದ್ದುದು ಮೊದಲನೆಯದು. 1940ರ ಏಪ್ರಿಲ್ 17ರ ಆದೇಶದಲ್ಲಿ ಹಗಲು ಒಂದು, ರಾತ್ರಿ ಎರಡು, ಬೇಕಾದರೆ ಕೆಲವು ಗಂಟೆ ಬಿಟ್ಟು ಮತ್ತೆ ಎಂದು ಅಳತೆ ಗೊತ್ತುಮಾಡಿದರು. ಆ ಏಪ್ರಿಲ್‌ನಿಂದ ಜುಲೈವರೆಗೆ, ಫ್ರಾನ್ಸಿನ ಮೇಲೆ ದಂಡೆತ್ತಿಹೋದ ಕಾಲದಲ್ಲಿ, ಪೆರ್ವಿಟಿನ್ ಮತ್ತು ಅದರದೇ ಇನ್ನೊಂದು ರೂಪವಾದ ಐಸೋಫಾನ್ ಸೇರಿ 3 ಕೋಟಿ 50 ಲಕ್ಷ ಮಾತ್ರೆಗಳು ಸೈನ್ಯಕ್ಕೂ ವಾಯುಪಡೆಗೂ ಹೋದವು. ಒಂದೊಂದರಲ್ಲಿ 3 ಮಿಲಿಗ್ರಾಂ. ಸೈನಿಕರು ಅದನ್ನು ಟ್ಯಾಂಕ್ ಚಾಕೊಲೇಟ್ ಎಂದು ಕರೆದರು.

ಇಲ್ಲಿ ಒಂದು ಎಚ್ಚರಿಕೆ. ನಾರ್ಮನ್ ಓಲರ್ ಎಂಬ ಜರ್ಮನ್ ಲೇಖಕರ ಪುಸ್ತಕ 2015ರಲ್ಲಿ ಬಂದ ಮೇಲೆ, ಹಿಟ್ಲರನ ಸೈನ್ಯ ಗೆದ್ದದ್ದೇ ಮಾತ್ರೆಯಿಂದ ಎಂಬ ಮಾತು ಬಹಳ ಜನಪ್ರಿಯವಾಯಿತು. ಹಲವು ಇತಿಹಾಸಕಾರರು ಅದನ್ನು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ಆರ್ಡೆನ್ಸ್ ಕಾಡಿನ ಮೂಲಕ ನುಗ್ಗುವ ಯೋಜನೆ, ಪ್ರತಿ ಟ್ಯಾಂಕಿನಲ್ಲೂ ಇದ್ದ ರೇಡಿಯೊ, ಫ್ರೆಂಚ್ ಸೇನಾಪತಿಗಳ ನಿಧಾನ, ಇವೆಲ್ಲ ಮಾತ್ರೆಯ ಡಬ್ಬಿಯಲ್ಲಿ ಇರಲಿಲ್ಲ. ಮೂರು ಹಗಲು ಮೂರು ರಾತ್ರಿ ನಿಲ್ಲದೆ ಓಡಿಸುವುದಕ್ಕೆ ಅದು ನೆರವಾಯಿತು, ಅಷ್ಟು ಹೇಳಬಹುದು. ಅದರ ಬಡ್ಡಿಯೂ ಬೇಗ ಕಾಣಿಸಿಕೊಂಡಿತು. ಸೋತು ಕುಸಿದವರು, ಮತ್ತೆ ಮತ್ತೆ ಕೇಳುವವರು, ಹೃದಯ ಕೈಕೊಟ್ಟವರು. ನಾಜಿ ಸರ್ಕಾರದ ಆರೋಗ್ಯ ಮುಖ್ಯಸ್ಥ ಲಿಯೋನಾರ್ಡೊ ಕಾಂಟಿ ಆರಂಭದಿಂದಲೂ ಇದರ ವಿರೋಧಿ. 1941ರ ಜುಲೈನಲ್ಲಿ ಪೆರ್ವಿಟಿನನ್ನು ಅಫೀಮು ಕಾನೂನಿನ ಕೆಳಗೆ ತಂದ. ಮನೋರೋಗಿಗಳನ್ನು ಕೊಲ್ಲುವ ಕಾರ್ಯಕ್ರಮದಲ್ಲಿ ಪಾಲುಗಾರನಾಗಿದ್ದವನು ಜರ್ಮನ್ ಮೈಮನಸ್ಸಿನ ಶುದ್ಧಿಯ ಬಗ್ಗೆ ಇಷ್ಟು ಕಳಕಳಿ ತೋರಿದ್ದನ್ನು ಓದುವಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹೇಗೂ ರಣರಂಗದಲ್ಲಿ ಮಾತ್ರೆ ನಿಲ್ಲಲಿಲ್ಲ.

ಜರ್ಮನಿಯ ಜೊತೆಗಿದ್ದ ಫಿನ್ಲೆಂಡಿನ ಐಮೊ ಕೊಯ್ವುನೆನ್‌ನ ಕತೆಯನ್ನು ಇಲ್ಲಿ ಹೇಳಲೇಬೇಕು. 1944ರ ಮಾರ್ಚ್ 18ರಂದು ಹಿಮದ ಮೇಲೆ ಸ್ಕೀ ಮಾಡುತ್ತ ಗಸ್ತು ಹೊರಟಿದ್ದ ಆತನ ತುಕಡಿಯನ್ನು ಸೋವಿಯತ್ ಸೈನಿಕರು ಅಟ್ಟಿಸಿಕೊಂಡು ಬಂದರು. ಇಡೀ ತುಕಡಿಯ ಪೆರ್ವಿಟಿನ್ ಆತನ ಜೇಬಿನಲ್ಲಿತ್ತು. ಕೈಗವಸಿನ ಬೆರಳಲ್ಲಿ ಒಂದೇ ಮಾತ್ರೆ ಹೆಕ್ಕಲಾಗದೆ ಮೂವತ್ತನ್ನೂ ಬಾಯಿಗೆ ಸುರಿದುಕೊಂಡ. ಕಾಲಿಗೆ ಬಲ ಬಂತು, ಆಮೇಲೆ ತಲೆ ಕೆಟ್ಟಿತು, ಎಚ್ಚರ ತಪ್ಪಿತು. ತಿಳಿವು ಬಂದಾಗ ಜೊತೆಗಾರರು ಯಾರೂ ಇಲ್ಲ, ಅನ್ನವಿಲ್ಲ, ಗುಂಡುಗಳಿಲ್ಲ. ದಾರಿಯಲ್ಲಿ ನೆಲಬಾಂಬು ಸಿಡಿದು ಗಾಯಗೊಂಡ. ಪೈನ್ ಮರದ ಮೊಗ್ಗು ತಿಂದ, ಒಂದು ಹಕ್ಕಿಯನ್ನು ಹಿಡಿದು ಹಸಿಯಾಗಿಯೇ ತಿಂದ. ಆತ ಹೇಳಿಕೊಂಡ ಪ್ರಕಾರ 400 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿದ್ದ. ಸಿಕ್ಕಾಗ ತೂಕ 43 ಕಿಲೋ, ನಾಡಿ ನಿಮಿಷಕ್ಕೆ 200. ಬದುಕಿ 1989ರವರೆಗೂ ಇದ್ದ. ಈ ಕತೆಯನ್ನು ಇಂದಿನ ಹುಡುಗರು ಸಾಹಸವೆಂಬಂತೆ ಹಂಚಿಕೊಳ್ಳುತ್ತಾರೆ. ಮಾತ್ರೆ ಆತನನ್ನು ಶತ್ರುವಿನಿಂದ ಪಾರುಮಾಡಿತು, ನಿಜ. ತನ್ನವರಿಂದ ಅಗಲಿಸಿ ಕಾಡಿನಲ್ಲಿ ಬಿಟ್ಟದ್ದೂ ಅದೇ ಮಾತ್ರೆ.

ಈಗ ಕಾಫಿಯ ಪ್ರಶ್ನೆಗೆ ಬರೋಣ. ಜರ್ಮನ್ ವಿಮಾನಿಗಳ ಬಳಿ ಈ ಮಾತ್ರೆ ಸಿಕ್ಕಿದ ಮೇಲೆ ಬ್ರಿಟನ್ನೂ ಆಮೇಲೆ ಅಮೆರಿಕವೂ ಪ್ರಯೋಗ ಶುರುಮಾಡಿದವು. ಸೈನಿಕರನ್ನು ನಿದ್ದೆಗೆಡಿಸಿ ಮೈಲುಗಟ್ಟಲೆ ನಡೆಸಿದರು, ಗುರಿ ಹೊಡೆಸಿದರು, ಯಂತ್ರಗಳ ಮುಂದೆ ಕೂರಿಸಿದರು. ಬೆಂಜೆಡ್ರಿನ್, ಕಾಫಿಯಲ್ಲಿರುವ ಕೆಫೀನ್, ಬರಿಯ ಸಕ್ಕರೆ ಮಾತ್ರೆ, ಮೂರನ್ನೂ ಹೋಲಿಸಿದರು. ಆ ಕಡತಗಳನ್ನು ಜಾಲಾಡಿದ ಇತಿಹಾಸಕಾರ ನಿಕೊಲಸ್ ರಾಸ್ಮುಸೆನ್ ಹೇಳುವುದು ಕುತೂಹಲಕರವಾಗಿದೆ. ಅಳೆಯಬಹುದಾದ ಕೆಲಸದಲ್ಲಿ ಬೆಂಜೆಡ್ರಿನ್ ಕೆಫೀನನ್ನು ಮೀರಿಸಿದ್ದಕ್ಕೆ ಗಟ್ಟಿ ಸಾಕ್ಷಿ ಸಿಗಲಿಲ್ಲ. ಮೀರಿಸಿದ್ದು ಬೇರೆಯದರಲ್ಲಿ. ನುಂಗಿದವರಿಗೆ ತಾವು ಚೆನ್ನಾಗಿ ಮಾಡುತ್ತಿದ್ದೇವೆ ಎನಿಸುತ್ತಿತ್ತು. ಕೆಲಸ ಹಾಗೇ ಇದ್ದರೂ ಕೆಲಸದ ಬಗೆಗಿನ ಭರವಸೆ ಏರುತ್ತಿತ್ತು. ರೋಲಂಡ್ ವಿನ್‌ಫೀಲ್ಡ್ ಎಂಬ ಬ್ರಿಟಿಷ್ ವಾಯುಪಡೆಯ ವೈದ್ಯರು ಬಾಂಬರ್ ವಿಮಾನಗಳಲ್ಲಿ ತಾವೇ ಹಾರಿಹೋಗಿ, ಮಾತ್ರೆ ನುಂಗಿದವರು ಹೆಚ್ಚು ಪಟ್ಟು ಹಿಡಿದು, ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡು ದಾಳಿ ಮಾಡುವುದನ್ನು ಗಮನಿಸಿದರು.

ವಿಜ್ಞಾನಿಗಳ ವರದಿ ಹೀಗಿದ್ದರೂ ಸೇನಾಪತಿಗಳು ಮಾತ್ರೆಯನ್ನೇ ಆರಿಸಿದರು. 1942ರ ಅಕ್ಟೋಬರ್‌ನಲ್ಲಿ, ಈಜಿಪ್ಟಿನ ಎಲ್ ಅಲಮೀನ್ ಕಾಳಗದ ಮುನ್ನ, ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮೆರಿಯ ಸೈನ್ಯದ ಟ್ಯಾಂಕ್ ಬ್ರಿಗೇಡೊಂದಕ್ಕೆ ಭಾರಿ ಪ್ರಮಾಣದ ಬೆಂಜೆಡ್ರಿನ್ ಹಂಚಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಪಡೆಗಳಿಗೆ ಪೂರೈಕೆಯಾದದ್ದು 7 ಕೋಟಿ 20 ಲಕ್ಷ ಮಾತ್ರೆ. ನನಗೆ ಹೇಳಬೇಕಾಗಿರುವುದು ಇದೇ. ದಣಿವಿಗೆ ಮದ್ದು ಎಂದು ದಾಖಲೆಯಲ್ಲಿ ಬರೆದರೂ ಸೈನ್ಯಗಳು ಕೊಂಡದ್ದು ದಣಿವಿನ ಮದ್ದನ್ನಲ್ಲ, ಹುಮ್ಮಸ್ಸನ್ನು. ಎಚ್ಚರವಿರುವ ಸೈನಿಕ ‘ಯಾಕೆ ಹೋಗಬೇಕು’ ಎಂದು ಯೋಚಿಸಬಲ್ಲ. ಕಾಫಿ ಆ ಯೋಚನೆಯನ್ನು ತಡೆಯುವುದಿಲ್ಲ, ಇನ್ನಷ್ಟು ಚುರುಕುಗೊಳಿಸುತ್ತದೆ. ಹೋಗು ಎಂದದ್ದನ್ನು ಹೋಗಬೇಕೆನಿಸುವಂತೆ ಮಾಡುವುದು ಈ ಮಾತ್ರೆ.

ಜಪಾನಿನಲ್ಲಿ 1941ರಿಂದ ದೈನಿಪ್ಪಾನ್ ಕಂಪನಿ ಮೆಥಾಂಫೆಟಮೈನನ್ನು ಹಿರೊಪಾನ್ ಎಂಬ ಹೆಸರಲ್ಲಿ ಮಾರಿತು. ಪಹರೆಯವರಿಗೆ, ಮದ್ದುಗುಂಡು ಕಾರ್ಖಾನೆಯ ರಾತ್ರಿ ಪಾಳಿಗೆ, ಮರಳಿ ಬರದ ಹಾರಾಟಕ್ಕೆ ಹೊರಟ ವಿಮಾನಿಗಳಿಗೆ ಅದನ್ನು ಕೊಟ್ಟರು. ಯುದ್ಧ ಸೋತ ಮೇಲೆ ಸೈನ್ಯದ ದಾಸ್ತಾನು ಪೇಟೆಗೆ ಹರಿಯಿತು. ಊರು ಸುಟ್ಟುಹೋಗಿ, ಹೊಟ್ಟೆಗಿಲ್ಲದೆ, ಕೆಲಸವಿಲ್ಲದೆ ಇದ್ದವರಿಗೆ ಹಸಿವು ಮರೆಸುವ ಅಗ್ಗದ ಪದಾರ್ಥ ಸಿಕ್ಕಿತು. ಸಾಕಾಗುಚಿ ಆಂಗೊ ಅವರಂಥ ಹೆಸರಾಂತ ಬರಹಗಾರರೂ ಚಟಕ್ಕೆ ಬಿದ್ದರು. 1951ರಲ್ಲಿ ಕಾನೂನು ಬಂತು. 1954ರ ಒಂದೇ ವರ್ಷದಲ್ಲಿ ಬಂಧಿತರಾದವರು 55,000ಕ್ಕೂ ಹೆಚ್ಚು. ಸೈನಿಕರಿಗೆಂದು ತುಂಬಿದ ಉಗ್ರಾಣ ಯುದ್ಧ ಮುಗಿದ ಮೇಲೆ ಯಾರ ಮನೆ ಸೇರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಗೆದ್ದ ದೇಶಗಳಲ್ಲಿ ನಡೆದದ್ದು ಇಷ್ಟು ಕಣ್ಣಿಗೆ ಕಾಣುವಂತಿರಲಿಲ್ಲ. ಅಲ್ಲಿ ಅದು ಔಷಧಿ ಅಂಗಡಿಯ ಮೂಲಕ, ವೈದ್ಯರ ಸಹಿಯೊಂದಿಗೆ ಬಂತು. ಮನೆಗೆಲಸದಲ್ಲಿ ಬಳಲಿದ ಗೃಹಿಣಿಗೆ, ದಪ್ಪಗಾದೆನೆಂದು ಕೊರಗುವವಳಿಗೆ, ರಾತ್ರಿ ಲಾರಿ ಓಡಿಸುವವನಿಗೆ, ಪರೀಕ್ಷೆಯ ಹುಡುಗನಿಗೆ. ಕಾಲುವೆಗಾಗಿ ಈಜಿಪ್ಟಿನ ಮೇಲೆ ದಾಳಿಮಾಡಿದ ಸೂಯೆಜ್ ಬಿಕ್ಕಟ್ಟಿನ ದಿನಗಳಲ್ಲಿ ಬ್ರಿಟನ್ ಪ್ರಧಾನಿ ಆಂಥೊನಿ ಈಡನ್ ಕೂಡ ಇದನ್ನು ನುಂಗುತ್ತಿದ್ದರು. ಆ ದುಸ್ಸಾಹಸಕ್ಕೆ ಮಾತ್ರೆಯೇ ಕಾರಣ ಎನ್ನಲಾರೆ, ಸಾಮ್ರಾಜ್ಯದ ಹಳೆಯ ಅಮಲು ಅದಕ್ಕಿಂತ ದೊಡ್ಡದು. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಆಂಫೆಟಮೈನ್ ಸುಮಾರು 80,000 ಕಿಲೋ. ಮಕ್ಕಳು ಮುದುಕರನ್ನೂ ಸೇರಿಸಿ ತಲೆಗೆ ವರ್ಷಕ್ಕೆ 10 ಮಿಲಿಗ್ರಾಮಿನ 43 ಮಾತ್ರೆ. 1968ರಲ್ಲಿ ‘ಲೈಫ್’ ಪತ್ರಿಕೆಯ ಸುಸಾನಾ ಮೆಕ್‌ಬೀ ಎಂಬ ತೆಳ್ಳಗಿನ ಪತ್ರಕರ್ತೆ ತೂಕ ಇಳಿಸುವ ಹತ್ತು ವೈದ್ಯರ ಬಳಿ ಹೋದರು. ಅವರ ಕೈಗೆ ಬಂದ ಮಾತ್ರೆ 1,479. ಪಟ್ಟಣದ ಗೃಹಿಣಿಗೂ ಟ್ಯಾಂಕಿನ ಸೈನಿಕನಿಗೂ ಒಂದೇ ಸಾಮಾನು ಸಿಗುತ್ತಿತ್ತು, ಒಂದೇ ಕಾರಣಕ್ಕೆ. ಕೆಲಸ ಕಡಿಮೆ ಮಾಡುವ ಮಾತು ಯಾರೂ ಆಡಲಿಲ್ಲ. ಕೆಲಸದ ಬಗ್ಗೆ ಖುಷಿಯಾಗಿರಿ ಎಂದರು.

ಹೊಡೆತದ ಲೆಕ್ಕವೂ ಆ ಕಾಲದ್ದೇ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಫಿಲಿಪ್ ಕಾನೆಲ್ 1958ರಲ್ಲಿ 42 ರೋಗಿಗಳ ವಿವರ ಪ್ರಕಟಿಸಿದರು. ಯಾರೋ ಹಿಂಬಾಲಿಸುತ್ತಿದ್ದಾರೆ, ಗೋಡೆಯಾಚೆ ಪಿಸುಗುಡುತ್ತಿದ್ದಾರೆ ಎಂಬ ಭ್ರಮೆ. ನೋಡಿದರೆ ಸ್ಕಿಝೋಫ್ರೇನಿಯಾದಂತೆಯೇ, ಆದರೆ ಔಷಧಿ ದೇಹದಿಂದ ಹೊರಹೋದಂತೆ ಬಹುಮಟ್ಟಿಗೆ ಇಳಿಯುವಂಥದ್ದು. ಮೊದಲೇ ಮನಸ್ಸು ಸರಿಯಿಲ್ಲದವರಿಗೆ ಮಾತ್ರ ಹೀಗಾಗುತ್ತದೆ ಎಂದು ಕಂಪನಿಗಳು ತಳ್ಳಿಹಾಕುತ್ತಿದ್ದ ಮಾತು ಅಲ್ಲಿಗೆ ನಿಂತಿತು. 1967ರ ಜುಲೈ 13ರಂದು ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಮಾಂಟ್ ವೆಂಟೂ ಬೆಟ್ಟ ಹತ್ತುತ್ತ ಇಂಗ್ಲಿಷ್ ಸೈಕಲ್ ಪಟು ಟಾಮ್ ಸಿಂಪ್ಸನ್ ಉರಿಬಿಸಿಲಲ್ಲಿ ಕುಸಿದು ಸತ್ತ. ಅಂಗಿಯ ಜೇಬಿನಲ್ಲಿ ಆಂಫೆಟಮೈನಿನ ಕೊಳವೆಗಳಿದ್ದವು. ನಿಲ್ಲು ಎಂದು ಮೈ ಕೂಗುವುದು ಆತನಿಗೆ ಕೇಳಿಸಿರಲಿಲ್ಲ.

ಗಣಿತದವರು ಇಲ್ಲಿದ್ದರೆ ಪಾಲ್ ಎರ್ಡೋಶ್ ಹೆಸರು ಹೇಳದೆ ಬಿಡುವುದಿಲ್ಲ, ನನಗೆ ಗೊತ್ತು. ಸೂಟ್‌ಕೇಸ್ ಹಿಡಿದು ದೇಶದಿಂದ ದೇಶಕ್ಕೆ ತಿರುಗುತ್ತ ಗಣಿತ ಮಾಡಿದ ಈ ಹಂಗೇರಿಯನ್ ಸಂತ ದಿನವೂ ಇಂಥ ಮಾತ್ರೆ ನುಂಗುತ್ತಿದ್ದರು. 1979ರಲ್ಲಿ ಗೆಳೆಯ ರಾನ್ ಗ್ರಹಾಂ, ತಿಂಗಳು ಬಿಟ್ಟಿರಿ ನೋಡೋಣ ಎಂದು 500 ಡಾಲರ್ ಪಂಥ ಕಟ್ಟಿದರು. ಎರ್ಡೋಶ್ ಗೆದ್ದರು, ಗಣಿತ ಒಂದು ತಿಂಗಳು ಹಿಂದೆ ಬಿತ್ತು ಎಂದು ದೂರಿ ಮತ್ತೆ ಶುರುಮಾಡಿದರು. ಇದನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಪತ್ರಿಕೆಯೊಂದರಲ್ಲಿ ಈ ಸಂಗತಿ ಅಚ್ಚಾದಾಗ ಅವರಿಗೆ ಬೇಸರವಾಯಿತು. ಗಣಿತಕ್ಕೆ ಬರುವ ಮಕ್ಕಳು ಗೆಲ್ಲಲು ಮಾತ್ರೆ ಬೇಕು ಎಂದುಕೊಳ್ಳಬಾರದಲ್ಲ ಎಂಬುದು ಅವರ ಕಳವಳ.

ಆಂಫೆಟಮೈನ್ ಬರಿಯ ಕೇಡು ಎಂದು ಹೇಳಿ ಹೋದರೆ ನಾನು ಸುಳ್ಳು ಹೇಳಿದಂತೆ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ಮಕ್ಕಳ ವೈದ್ಯರು 30 ಮಕ್ಕಳಿಗೆ ಬೆಂಜೆಡ್ರಿನ್ ಕೊಟ್ಟು ನೋಡಿದಾಗ, ಅವರಲ್ಲಿ ಅರ್ಧದಷ್ಟು ಮಕ್ಕಳು ಪಾಠದಲ್ಲಿ ಬೆರಗಾಗುವಷ್ಟು ಮುಂದೆ ಬಂದರು. ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆಯಿರುವ ಮಕ್ಕಳಿಗೂ ದೊಡ್ಡವರಿಗೂ ಇಂದು ವೈದ್ಯರ ನಿಗಾದಲ್ಲಿ ಸಣ್ಣ ಪ್ರಮಾಣದಲ್ಲಿ ಕೊಡುವ ಈ ಔಷಧಗಳು ಎಷ್ಟೋ ಸಂಸಾರಗಳನ್ನು ನಿಲ್ಲಿಸಿವೆ. ನಮ್ಮ ದೇಶದಲ್ಲಿ ಆ ಕೆಲಸಕ್ಕೆ ಬಳಸುವುದು ಇದರ ಹತ್ತಿರದ ಬಂಧುವಾದ ಮಿಥೈಲ್‌ಫೆನಿಡೇಟನ್ನು. ಅಂಥ ಮಗುವಿನ ತಾಯ್ತಂದೆ ಈ ಉಪನ್ಯಾಸ ಕೇಳಿ ಮಾತ್ರೆ ನಿಲ್ಲಿಸುವುದು ಬೇಡ.

1971ರಲ್ಲಿ ವಿಯೆನ್ನಾದಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದದ ಕೆಳಗೆ ಆಂಫೆಟಮೈನ್ ನಿಯಂತ್ರಣಕ್ಕೆ ಬಂತು. ಅಮೆರಿಕ ತಯಾರಿಕೆಯನ್ನು ಕಡಿತಗೊಳಿಸಿತು. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ 50 ಗ್ರಾಂಗಿಂತ ಹೆಚ್ಚು ಸಿಕ್ಕರೆ ಅದು ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು. ಕಾನೂನು ಬಿಗಿಯಾದಲ್ಲೆಲ್ಲ ಕಳ್ಳ ತಯಾರಿಕೆ ಹುಟ್ಟಿಕೊಂಡಿತು. 1961ರಲ್ಲಿ ಜರ್ಮನಿಯಲ್ಲಿ ಔಷಧವಾಗಿ ಹುಟ್ಟಿದ ಕ್ಯಾಪ್ಟಗಾನ್ ಎಂಬ ಹೆಸರು ಈಚೆಗೆ ಸಿರಿಯಾದ ಗುಪ್ತ ಕಾರ್ಖಾನೆಗಳ ಆಂಫೆಟಮೈನ್ ಮಾತ್ರೆಗೆ ಅಂಟಿಕೊಂಡಿದೆ. 2020ರ ಜುಲೈನಲ್ಲಿ ಇಟಲಿಯ ಸಲೆರ್ನೊ ಬಂದರಿನಲ್ಲಿ ಒಮ್ಮೆಗೇ ಸಿಕ್ಕಿದ್ದು 14 ಟನ್, 8 ಕೋಟಿ 40 ಲಕ್ಷ ಮಾತ್ರೆ. ಎರಡನೇ ಮಹಾಯುದ್ಧದ ಉದ್ದಕ್ಕೂ ಬ್ರಿಟಿಷ್ ಪಡೆಗಳಿಗೆ ಹೋದದ್ದಕ್ಕಿಂತ ಜಾಸ್ತಿ.

ಸೈನ್ಯಗಳ ಮಾತಿಗೆ ಮರಳುತ್ತೇನೆ. 1966ರಿಂದ 1969ರವರೆಗೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಪಡೆಗಳು ಬಳಸಿದ ಉತ್ತೇಜಕ ಮಾತ್ರೆಗಳು 22 ಕೋಟಿ 50 ಲಕ್ಷ ಎಂದು ಅಲ್ಲಿನ ಸಂಸತ್ತಿನ ಸಮಿತಿಯೇ ಲೆಕ್ಕ ಕೊಟ್ಟಿತು. 1991ರ ಕೊಲ್ಲಿ ಯುದ್ಧದಲ್ಲೂ ವಿಮಾನಿಗಳು ನುಂಗಿದರು. ಆ ಯುದ್ಧ ಮುಗಿದ ಮೇಲೆ ವಾಯುಪಡೆಯ ಮುಖ್ಯಸ್ಥ ಮೆರಿಲ್ ಮೆಕ್‌ಪೀಕ್ ಅದನ್ನು ನಿಲ್ಲಿಸಿದರು. ಕೆಲವೇ ವರ್ಷಗಳಲ್ಲಿ ಸದ್ದಿಲ್ಲದೆ ಮರಳಿ ಬಂತು. ಹಾರಲು ಒಂದು ಮಾತ್ರೆ, ಇಳಿದ ಮೇಲೆ ನಿದ್ದೆಗೆ ಇನ್ನೊಂದು.

2002ರ ಏಪ್ರಿಲ್ 17ರ ರಾತ್ರಿ ಅಫ್ಘಾನಿಸ್ತಾನದ ಕಂದಹಾರದ ಬಳಿ ತರ್ನಾಕ್ ಫಾರ್ಮ್ ಎಂಬಲ್ಲಿ ಕೆನಡಾದ ಸೈನಿಕರು ಗುಂಡು ಹಾರಿಸುವ ತಾಲೀಮು ನಡೆಸುತ್ತಿದ್ದರು. ಮೇಲೆ ಅಮೆರಿಕದ ಎರಡು ಎಫ್-16 ವಿಮಾನಗಳು. ಮೇಜರ್ ಹ್ಯಾರಿ ಶ್ಮಿಟ್ ಕೆಳಗಿನ ಬೆಂಕಿಯನ್ನು ಕಂಡು ತಮ್ಮ ಮೇಲೆ ದಾಳಿಯಾಗುತ್ತಿದೆ ಎಂದುಕೊಂಡರು. ತಡೆದು ನಿಲ್ಲಿ ಎಂದು ನಿಯಂತ್ರಣ ಕೇಂದ್ರ ಹೇಳಿತ್ತು. ಆದರೂ ಆತ್ಮರಕ್ಷಣೆ ಎಂದು ಹೇಳಿ ಬಾಂಬು ಹಾಕಿದರು. ನಾಲ್ವರು ಸತ್ತರು, ಎಂಟು ಮಂದಿ ಗಾಯಗೊಂಡರು. ವಿಮಾನಿಗಳಿಬ್ಬರೂ ವಾಯುಪಡೆ ಕೊಟ್ಟ ಡೆಕ್ಸೆಡ್ರಿನ್ ಎಂಬ ಆಂಫೆಟಮೈನ್ ಮಾತ್ರೆ ನುಂಗಿದ್ದರು. ಅದರಿಂದಲೇ ವಿವೇಚನೆ ಕೆಟ್ಟಿತೆಂದು ಅವರ ವಕೀಲರು ವಾದಿಸಿದರು, ವಾಯುಪಡೆ ಒಪ್ಪಲಿಲ್ಲ. ಶ್ಮಿಟ್ ಅವರಿಗೆ 2004ರಲ್ಲಿ ದಂಡವೂ ವಾಗ್ದಂಡನೆಯೂ ಆಯಿತು. ಆ ರಾತ್ರಿಯ ತಪ್ಪಿನಲ್ಲಿ ಐದೋ ಹತ್ತೋ ಮಿಲಿಗ್ರಾಮಿನ ಪಾಲೆಷ್ಟು ಎಂದು ಯಾವ ಪ್ರಯೋಗಶಾಲೆಯೂ ತೂಗಿ ಹೇಳಲಾರದು.

ಆ ವಿಚಾರಣೆಯಿಂದ ಒಂದು ಕಾಗದ ಮಾತ್ರ ಹೊರಬಂತು, ನನ್ನ ಮಟ್ಟಿಗೆ ಅದೇ ದೊಡ್ಡದು. ಮಾತ್ರೆ ಪಡೆಯುವ ಮುನ್ನ ವಿಮಾನಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರ ಅದು. ನುಂಗುವುದು ನನ್ನ ಸ್ವಂತ ಇಚ್ಛೆ, ಯಾರ ಒತ್ತಾಯವೂ ಇಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಅದೇ ಕಾಗದದಲ್ಲಿ ಇನ್ನೊಂದು ಷರತ್ತೂ ಇದೆ. ಅಗತ್ಯವಿದ್ದಾಗ ನುಂಗಲು ನಿರಾಕರಿಸಿದರೆ, ವೈದ್ಯರ ಸಲಹೆಯ ಮೇಲೆ ಆತ ಆ ಹಾರಾಟಕ್ಕೆ ಯೋಗ್ಯನೋ ಅಲ್ಲವೋ ಎಂದು ಅಧಿಕಾರಿ ತೀರ್ಮಾನಿಸಬಹುದು. ಹಾರುವುದೇ ಬದುಕಾದವನು ಆ ಕಾಗದಕ್ಕೆ ಸಹಿ ಹಾಕದೆ ಇನ್ನೇನು ಮಾಡಿಯಾನು? ಪ್ರಶ್ನೆಗಳಿಗೆ ಸಮಯ ಮೀಸಲಿಟ್ಟಿದ್ದಾರಂತೆ, ಮುಂದಿನ ಸಾಲುಗಳಲ್ಲಿರುವ ಮಾಜಿ ಸೈನಿಕರಿಂದಲೇ ಶುರುವಾಗಲಿ.